ನಾಲ್ಕು ವರ್ಷದ ಮಗುವಿಗೆ ಸಂಗೀತ ಪಾಠ ಬೇಕೇ?

ನಾಲ್ಕು ವರ್ಷದ ಮಗಳಿಗೆ ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುವುದೇ, ಅಥವಾ ಪಾಠಕ್ಕೇ ಸೇರಿಸಬೇಕೇ ಎಂದು ಕೇಳಿದ್ದೀರಿ. ಪಾಶ್ಚಾತ್ಯ ಸಂಗೀತಕಾರ ಮೊಜಾರ್ಟ್‌ನ ಸಂಗೀತ ಕೇಳುವುದರಿಂದ ಬುದ್ಧಿ ಬೆಳೆಯುತ್ತದೆಂಬ ನಂಬಿಕೆಗೆ ಮೂಲವಾದ 1993ರ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಕಂಡ ಪರಿಣಾಮವೂ ಸುಮಾರು 15 ನಿಮಿಷ ಮೀರಿ ಉಳಿಯಲಿಲ್ಲ. ಮಗು ತಾನೇ ಹಾಡುವುದು, ತಾಳ ಹಾಕುವುದು ಬೇರೆಯೇ ಮಾತು: ಪ್ರಾಸವಿರುವ ಪದಗಳನ್ನು ಲಯಕ್ಕೆ ಬಿಡಿಸಿ ಹೇಳುವಾಗ ಧ್ವನಿಗಳ ಸೂಕ್ಷ್ಮ ವ್ಯತ್ಯಾಸಗಳನ್ನು ಕಿವಿ ಗುರುತಿಸತೊಡಗುತ್ತದೆ, ಅದು ಮುಂದೆ ಓದು ಕಲಿಯಲು ನೆರವಾಗುತ್ತದೆ, ಇತರರೊಡನೆ ಹಾಡುವಾಗ ಸರದಿಗೆ ಕಾಯುವುದೂ, ನಿಲ್ಲಿಸಬೇಕಾದಲ್ಲಿ ನಿಲ್ಲಿಸುವುದೂ ರೂಢಿಯಾಗುತ್ತದೆ. ಗಣಿತದಲ್ಲಿ ಅಂಕ ಹೆಚ್ಚುತ್ತದೆಂಬ ಭರವಸೆಯನ್ನು (ಜಾಹೀರಾತುಗಳಲ್ಲಿ ಅದಕ್ಕೆ ಬರವಿಲ್ಲ) ನಾನಂತೂ ನಂಬುವುದಿಲ್ಲ. ಈ ವಯಸ್ಸಿಗೆ ಪರೀಕ್ಷೆಯಿಲ್ಲದ, ಆಟವೇ ಪ್ರಧಾನವಾದ, ಅರ್ಧ ಗಂಟೆ ಮೀರದ ತರಗತಿಯನ್ನು ಆರಿಸಿ. ವಾದ್ಯದ ಕ್ರಮಬದ್ಧ ಪಾಠಕ್ಕೆ ಅವಸರ ಬೇಡ.