ಹಳೇ ರೋಡ್ ಸೈಕಲ್ ಕಡಿಮೆ ಬೆಲೆಗೆ ಸಿಕ್ಕರೆ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎಂಬತ್ತರ ದಶಕದ್ದು ಅಂತ ಹೇಳುವ ಒಂದು ಸ್ಟೀಲ್ ರೋಡ್ ಸೈಕಲ್ (ರಸ್ತೆಯಲ್ಲಿ ವೇಗವಾಗಿ ಹೋಗಲು ಮಾಡಿದ, ತೆಳು ಟೈರಿನ ಸೈಕಲ್) ತುಂಬಾ ಕಡಿಮೆ ಬೆಲೆಗೆ ಸಿಗುತ್ತಿದೆ. ಟೈರ್ ಬಿರುಕು ಬಿಟ್ಟಿದೆ, ಗೇರ್ ತಾನಾಗಿಯೇ ಜಾರುತ್ತದೆ, ಗಾಲಿ 27 ಇಂಚಿನದು. ನಿಮಗಿದು ಮೊದಲ ರೋಡ್ ಸೈಕಲ್. ದಿನಾ ಕೆಲಸಕ್ಕೆ ಹೋಗಿ ಬರಲು, ರಜೆಯಲ್ಲಿ ಸ್ವಲ್ಪ ದೂರ ಹೊಡೆಯಲು ಬೇಕು. ತಗೊಂಡರೆ ದುಡ್ಡು ದಂಡವಾಗುತ್ತದಾ ಅಂತ ಕೇಳಿದ್ದೀರಿ.

ತಗೊಳ್ಳಬಹುದು, ಮೂರು ವಿಷಯ ಸರಿಯಿದ್ದರೆ. ಫ್ರೇಮ್ ನಿಮ್ಮ ಮೈಗೆ ಹೊಂದುವ ಅಳತೆಯದಾಗಿರಬೇಕು. ಫ್ರೇಮ್, ಫೋರ್ಕ್ (ಮುಂದಿನ ಗಾಲಿಯನ್ನು ಹಿಡಿಯುವ ಕವಲು) ಎರಡೂ ಬಗ್ಗಿರಬಾರದು, ಬಿರುಕು ಬಿಟ್ಟಿರಬಾರದು. ಸೀಟ್ ಪೋಸ್ಟ್ (ಸೀಟ್ ಕೂರುವ ಕಂಬ) ಮತ್ತು ಹ್ಯಾಂಡಲ್ ಸ್ಟೆಮ್ (ಹ್ಯಾಂಡಲನ್ನು ಫ್ರೇಮಿಗೆ ಜೋಡಿಸುವ ತುಂಡು) ಫ್ರೇಮಿನೊಳಗೆ ಕದಲದಂತೆ ಕಚ್ಚಿಕೊಂಡಿರಬಾರದು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಪುಕ್ಕಟೆ ಕೊಟ್ಟರೂ ಬೇಡ. ಬೇರೆ ಏನೇ ಕೆಟ್ಟಿದ್ದರೂ ಅದು ಬರೀ ಖರ್ಚಿನ ಲೆಕ್ಕ, ಕೂತು ಕೂಡಿದರೆ ಉತ್ತರ ಸಿಗುತ್ತದೆ.

ಸೀಟ್ ಪೋಸ್ಟ್ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ನಾನೂ ನೋಡಿರಲಿಲ್ಲ. ನಾನು ಕೊಂಡ ಮೊದಲ ಹಳೇ ಸೈಕಲ್‌ನ ಬಣ್ಣ ಚೆನ್ನಾಗಿತ್ತು, ಗಾಲಿ ನೆಟ್ಟಗೆ ತಿರುಗುತ್ತಿತ್ತು. ಸೀಟ್ ಮಾತ್ರ ನನಗೆ ನಾಲ್ಕು ಬೆರಳು ತಗ್ಗಾಗಿತ್ತು. "ಸ್ವಲ್ಪ ಎಣ್ಣೆ ಬಿಡಿ, ಮೇಲೆ ಬರುತ್ತೆ" ಎಂದರು ಮಾರಿದವರು. ಮನೆಗೆ ತಂದು ಬೋಲ್ಟ್ ಸಡಿಲಿಸಿ, ಸೀಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಕೂದಲೆಳೆಯಷ್ಟೂ ಕದಲಲಿಲ್ಲ. ಒಂದು ವಾರ ದಿನಾ ರಾತ್ರಿ ಎಣ್ಣೆ ಬಿಟ್ಟೆ. ಆಮೇಲೆ ಸೈಕಲ್ ತಲೆಕೆಳಗು ಮಾಡಿ ಕೆಳಗಿನಿಂದಲೂ ಬಿಟ್ಟೆ. ಏನೂ ಆಗಲಿಲ್ಲ. ಕೊನೆಗೆ ಪೋಸ್ಟನ್ನು ಮೇಲೆ ಕತ್ತರಿಸಿ, ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಪೈಪಿನ ಒಳಗಿನಿಂದ ಉದ್ದುದ್ದಕ್ಕೆ ಕೊಯ್ಯಬೇಕಾಯಿತು. ಹತ್ತು ಸಲ ಎಳೆದರೆ ಒಂದು ಚಿಟಿಕೆ ಅಲ್ಯೂಮಿನಿಯಂ ಪುಡಿ ಉದುರುತ್ತಿತ್ತು. ಬ್ಲೇಡ್ ಜಾಸ್ತಿ ಆಳಕ್ಕೆ ಹೋದರೆ ಫ್ರೇಮಿಗೇ ಗಾಯವಾಗುತ್ತದೆ. ಹಾಗಾಗಿ ಮತ್ತೆ ಮತ್ತೆ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಎರಡು ಕಡೆ ಕೊಯ್ದು, ನಡುವಿನ ಪಟ್ಟಿಯನ್ನು ಇಕ್ಕಳದಲ್ಲಿ ಒಳಕ್ಕೆ ಮಡಚಿ ಎಳೆದಾಗ ಅದರ ಹಿಂದಿನಿಂದ ಬಿಳೀ ಪುಡಿ ಸುರಿಯಿತು.

ಆ ಬಿಳೀ ಪುಡಿಯೇ ಎಲ್ಲಕ್ಕೂ ಕಾರಣ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ಇದೆ, ಗ್ರೀಸ್ ಹಚ್ಚಿಲ್ಲ, ಬೆವರೋ ಮಳೆನೀರೋ ಇಳಿದಿದೆ ಎಂದಿಟ್ಟುಕೊಳ್ಳಿ. ಎರಡು ಬೇರೆ ಲೋಹ ತೇವದಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತಾ ಹೋಗುತ್ತದೆ. ಆ ಪುಡಿ ಲೋಹಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಸುತ್ತಲೂ ಬೆಣೆ ಹೊಡೆದ ಹಾಗೆ ಆಗಿಬಿಡುತ್ತದೆ, ಎಣ್ಣೆ ಒಳಗಿಳಿಯಲು ದಾರಿಯೇ ಇರುವುದಿಲ್ಲ. ಸ್ಟೆಮ್‌ನದೂ ಇದೇ ಕಥೆ. ಅದನ್ನು ಪರೀಕ್ಷಿಸಲು ಮೇಲಿನ ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿ, ಅದರ ತಲೆ ಮೇಲೆ ಮರದ ತುಂಡಿಟ್ಟು ಒಂದು ಏಟು ಹಾಕಿ. ಒಳಗಿನ ಬೆಣೆ ಕೆಳಗೆ ಬೀಳುತ್ತದೆ. ಮುಂದಿನ ಗಾಲಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿ. ತಿರುಗಿದರೆ ಸರಿ. ಪರೀಕ್ಷೆ ಮುಗಿದ ಮೇಲೆ ಮತ್ತೆ ಬಿಗಿ ಮಾಡುವುದನ್ನು ಮರೆಯಬೇಡಿ, ಆಮೇಲೇ ಓಡಿಸಿ ನೋಡಿ.

ಇನ್ನು ಅಳತೆ. ಬೆಲೆ ಕಡಿಮೆ ಅಂತ ಆದಾಗ "ಒಂಚೂರು ದೊಡ್ಡದು, ಹೊಂದಿಕೊಳ್ಳುತ್ತೇನೆ" ಅಂತ ಮನಸ್ಸು ಹೇಳುತ್ತದೆ. ಅದರ ಮಾತು ಕೇಳಬೇಡಿ. ಹಳೇ ರೋಡ್ ಸೈಕಲ್‌ಗಳ ಮೇಲಿನ ಪೈಪು ನೆಲಕ್ಕೆ ಸಮಾನಾಂತರವಾಗಿರುತ್ತದೆ. ಅದನ್ನು ಎರಡು ಕಾಲ ನಡುವೆ ಇಟ್ಟುಕೊಂಡು ನೆಲದ ಮೇಲೆ ನಿಂತಾಗ ಒಂದೆರಡು ಬೆರಳಾದರೂ ಸಂದು ಇರಬೇಕು. ಸೀಟನ್ನು ನಿಮ್ಮ ಎತ್ತರಕ್ಕೆ ಇಟ್ಟಾಗ ಪೋಸ್ಟ್ ಸುಮಾರು ಒಂದು ಹಿಡಿಯಷ್ಟು ಹೊರಗೆ ಕಾಣಿಸಿದರೆ ಫ್ರೇಮ್ ನಿಮ್ಮದೇ ಅಂತ ಹಳೇ ಕಾಲದ ಲೆಕ್ಕ. ಈಗಲೂ ಅದು ಕೆಲಸ ಮಾಡುತ್ತದೆ. ಸ್ಟೆಮ್ ಬದಲಿಸಿ ಹ್ಯಾಂಡಲನ್ನು ಎರಡು ಮೂರು ಸೆಂಟಿಮೀಟರ್ ಹತ್ತಿರ ತರಬಹುದು, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಮಾರುವವರು "56 ಸೆಂಟಿಮೀಟರ್ ಫ್ರೇಮ್" ಅಂದರೆ ಎಲ್ಲಿಂದ ಎಲ್ಲಿಗೆ ಅಳೆದದ್ದು ಅಂತ ಕೇಳಿ. ಪೆಡಲ್ ಆಕ್ಸಲ್‌ನ (ಎರಡು ಪೆಡಲ್ ತೋಳುಗಳನ್ನು ಸೇರಿಸುವ ಅಚ್ಚಿನ) ನಡುವಿನಿಂದ ಸೀಟ್ ಟ್ಯೂಬ್ (ಸೀಟ್ ಪೋಸ್ಟ್ ಇಳಿಯುವ ಪೈಪು) ತುದಿಯವರೆಗೆ ಅಳೆಯುವವರಿದ್ದಾರೆ, ಮೇಲಿನ ಪೈಪಿನ ನಡುವಿನವರೆಗೆ ಅಳೆಯುವವರಿದ್ದಾರೆ. ಎರಡಕ್ಕೂ ಒಂದರಿಂದ ಎರಡು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ನಾನಾಗಿದ್ದರೆ ಟೇಪ್ ತಗೊಂಡು ಹೋಗಿ ನಾನೇ ಅಳೆಯುತ್ತೇನೆ.

ಫ್ರೇಮ್ ನೋಡುವಾಗ ಕಣ್ಣಿಗಿಂತ ಬೆರಳನ್ನು ನಂಬಿ. ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಪೈಪಿಗೆ ಎರಡು ಉದ್ದ ಪೈಪುಗಳು ಬಂದು ಸೇರುತ್ತವೆ, ಅಲ್ವಾ? ಆ ಸೇರುವ ಜಾಗದಿಂದ ಸ್ವಲ್ಪ ಹಿಂದೆ, ಪೈಪಿನ ಕೆಳಮೈ ಮೇಲೆ ಬೆರಳು ನಿಧಾನಕ್ಕೆ ಸವರಿ. ಸೈಕಲ್ ಎದುರಿನಿಂದ ಎಲ್ಲಾದರೂ ಗುದ್ದಿದ್ದರೆ ಅಲ್ಲಿ ಸಣ್ಣ ಅಲೆ, ಉಬ್ಬು ಅಥವಾ ಅಡ್ಡಕ್ಕೆ ಒಡೆದ ಬಣ್ಣ ಸಿಗುತ್ತದೆ. ಆಮೇಲೆ ಪಕ್ಕಕ್ಕೆ ಬಂದು ನಿಂತು ಫೋರ್ಕ್ ನೋಡಿ. ಅದರ ಮೇಲ್ಭಾಗ ಮುಂದಿನ ಪೈಪಿನ ಗೆರೆಯಲ್ಲೇ ಇಳಿದು, ಕೆಳಗೆ ಮಾತ್ರ ಮುಂದಕ್ಕೆ ಬಾಗಿರಬೇಕು. ಮೇಲಿನಿಂದಲೇ ಹಿಂದಕ್ಕೆ ಹೋದಂತೆ ಕಂಡರೆ ಗುದ್ದಿದ ಸೈಕಲ್. ಒಂದು ದಾರವೂ ಜೊತೆಗಿರಲಿ. ಹಿಂದಿನ ಗಾಲಿ ಕೂರುವ ಒಂದು ತುದಿಗೆ ಅದನ್ನು ಕಟ್ಟಿ, ಮುಂದಿನ ಪೈಪನ್ನು ಸುತ್ತಿಸಿ, ಇನ್ನೊಂದು ತುದಿಗೆ ಬಿಗಿಯಾಗಿ ತನ್ನಿ. ಸೀಟ್ ಟ್ಯೂಬಿನಿಂದ ಎರಡೂ ಬದಿಯ ದಾರಕ್ಕೆ ಇರುವ ದೂರ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕೊನೆಗೆ ಪೈಪುಗಳು ಸೇರುವ ಜಾಗ, ಹಿಂದಿನ ಗಾಲಿ ಕೂರುವ ಜಾಗದಲ್ಲಿ ಬಿರುಕು ಇದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಬಣ್ಣದ ಮೇಲಿನ ತುಕ್ಕಿನ ಚುಕ್ಕೆಗಳಿಗೆ ಹೆದರಬೇಕಿಲ್ಲ. ಉಗುರಿನಿಂದ ಒತ್ತಿದಾಗ ಪದರ ಪದರವಾಗಿ ಏಳುವ ತುಕ್ಕು ಬೇರೆ ಮಾತು.

ಫ್ರೇಮ್ ಒಳ್ಳೆಯ ಜಾತಿಯದಾ ಅಂತ ತಿಳಿಯಲು ಸ್ಟಿಕ್ಕರ್ ನೋಡುತ್ತಾರೆ. ರೆನಾಲ್ಡ್ಸ್ 531, ಕೊಲಂಬಸ್, ಟಾಂಗೆ ಅಂತೆಲ್ಲ ಪೈಪು ತಯಾರಿಸಿದವರ ಹೆಸರು ಇರುತ್ತದೆ. 531 ಪೈಪು 1935ರಲ್ಲಿ ಬಂದದ್ದು, ಹಲವು ದಶಕ ರೇಸ್ ಸೈಕಲ್‌ಗಳಲ್ಲಿ ಅದೇ ರಾಜ. ಆದರೆ ಸ್ಟಿಕ್ಕರ್ ಹೋಗಿರಬಹುದು, ಬೇರೆಯದು ಅಂಟಿಸಿರಬಹುದು. ಸೀಟ್ ಪೋಸ್ಟ್ ಹೊರಗೆ ಬಂದರೆ ಅದರ ಮೇಲೆ ಕೆತ್ತಿರುವ ಅಳತೆ ಓದಿ. 27.2 ಮಿಲಿಮೀಟರ್ ಅಂತಿದ್ದರೆ ಸಾಮಾನ್ಯವಾಗಿ ತೆಳು ಗೋಡೆಯ ಒಳ್ಳೆಯ ಪೈಪು. 26ಕ್ಕಿಂತ ಕಡಿಮೆ ಇದ್ದರೆ ಹೆಚ್ಚಾಗಿ ದಪ್ಪ ಗೋಡೆಯ ಸಾದಾ ಸ್ಟೀಲ್. ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಎಲ್ಲಿ ನೇತಾಡುತ್ತಿದೆ ಅಂತಲೂ ನೋಡಿ. ಫ್ರೇಮಿನದೇ ಕಿವಿಗೆ ಬೋಲ್ಟ್ ಹಾಕಿದ್ದರೆ ಒಳ್ಳೆಯ ಗುರುತು. ಗಾಲಿಯ ನಟ್ ಕೆಳಗೆ ಸಿಕ್ಕಿಸಿದ ಬೇರೆ ತಗಡಿಗೆ ಹಾಕಿದ್ದರೆ ಅದು ಕಡಿಮೆ ಬೆಲೆಗೆಂದೇ ಮಾಡಿದ ಸೈಕಲ್. ಹಾಗಂತ ಸಾದಾ ಸ್ಟೀಲ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ದಿನಾ ಕೆಲಸಕ್ಕೆ ಹೋಗಿ ಬರಲು ಅದು ಧಾರಾಳ ಸಾಕು, ತೂಕ ಸ್ವಲ್ಪ ಜಾಸ್ತಿ ಅಷ್ಟೇ. ಹೆಸರಿಗಾಗಿ ಹೆಚ್ಚು ಬೆಲೆ ಕೊಡಬೇಡಿ.

ವಯಸ್ಸು ನಿಜವಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಜಪಾನಿನ ಶಿಮಾನೊ ಕಂಪನಿಯ ಭಾಗಗಳಿದ್ದರೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಒಳಬದಿಯಲ್ಲಿ ಇಂಗ್ಲಿಷಿನ ಎರಡು ಸಣ್ಣ ಅಕ್ಷರ ಹುಡುಕಿ. ಮೊದಲ ಅಕ್ಷರ ವರ್ಷ, ಎರಡನೆಯದು ತಿಂಗಳು. ಅಕ್ಷರಮಾಲೆಯ ಮೊದಲ ಅಕ್ಷರ 1976, ಅಲ್ಲಿಂದ ಒಂದೊಂದೇ ವರ್ಷ ಮುಂದೆ. "ಜೆಸಿ" ಅಂತಿದ್ದರೆ 1985ರ ಮಾರ್ಚ್. ಭಾಗ ಬದಲಾಗಿರಬಹುದು ನಿಜ, ಆದರೆ ಎರಡು ಮೂರು ಕಡೆ ಒಂದೇ ವರ್ಷ ಸಿಕ್ಕರೆ ನಂಬಬಹುದು.

ಈಗ ನೀವು ಹೇಳಿದ ತೊಂದರೆಗಳಿಗೆ ಬರುತ್ತೇನೆ. ಗೇರ್ ಜಾರುವುದು ಕೇಳಿ ನನಗೆ ಗಾಬರಿಯಾಗಲಿಲ್ಲ. ನಿಮ್ಮ ಸೈಕಲ್‌ನ ಗೇರ್ ಲಿವರ್ ಕೆಳಗಿನ ಪೈಪಿನ ಮೇಲಿದ್ದರೆ ಅದರ ಪಕ್ಕದಲ್ಲಿ ಒಂದು ಸ್ಕ್ರೂ ಇರುತ್ತದೆ. ಕೆಲವದರಲ್ಲಿ ಕೈಯಲ್ಲೇ ತಿರುಗಿಸಲು ಸಣ್ಣ ಬಳೆಯೂ ಇರುತ್ತದೆ. ಲಿವರನ್ನು ಇಟ್ಟಲ್ಲೇ ಹಿಡಿಯುವುದು ಆ ಸ್ಕ್ರೂವಿನ ಬಿಗಿ. ಅದು ಸಡಿಲವಾದರೆ ಸ್ಪ್ರಿಂಗ್ ಎಳೆದು ಗೇರ್ ತಾನಾಗಿಯೇ ಜಾರುತ್ತದೆ. ಕಾಲು ಸುತ್ತು ಬಿಗಿ ಮಾಡಿ ನೋಡಿ. ಇನ್ನೊಂದು ವಿಷಯ, ಕ್ಲಿಕ್ ಕ್ಲಿಕ್ ಅಂತ ಬೀಳುವ ಗೇರನ್ನು ಶಿಮಾನೊ ತನ್ನ ರೇಸ್ ಭಾಗಗಳ ಸರಣಿ ಡ್ಯೂರಾ-ಏಸ್‌ನಲ್ಲಿ ತಂದದ್ದು 1984ರಲ್ಲಿ. ಅದಕ್ಕಿಂತ ಮುಂಚಿನ ಹೆಚ್ಚಿನ ರೋಡ್ ಸೈಕಲ್‌ಗಳಲ್ಲಿ ಕ್ಲಿಕ್ ಇರುವುದಿಲ್ಲ. ಕಿವಿಯಲ್ಲಿ ಕೇಳಿಸಿಕೊಂಡು, ಕೈಯಲ್ಲಿ ಸ್ವಲ್ಪ ಸ್ವಲ್ಪ ಸರಿಸಿ ಕೂರಿಸಬೇಕು. ಒಂದೆರಡು ವಾರದಲ್ಲಿ ಕೈಗೆ ಬರುತ್ತದೆ. ನನಗಂತೂ ಅದೇ ಇಷ್ಟ.

ಆದರೆ ಪೆಡಲ್ ಜೋರಾಗಿ ತುಳಿದಾಗ ಚೈನ್ ಹಲ್ಲು ಹಾರುತ್ತಿದ್ದರೆ ಅದು ಸವೆತ. ಚೈನಿನ ಒಂದು ಪಿನ್ ನಡುವಿಗೆ ಸ್ಕೇಲಿನ ಸೊನ್ನೆ ಇಟ್ಟು ಅಳೆಯಿರಿ. ಹೊಸ ಚೈನಿನಲ್ಲಿ 24 ಕೊಂಡಿ ದಾಟಿದರೆ ಸರಿಯಾಗಿ 12 ಇಂಚಿಗೆ ಪಿನ್ ಸಿಗುತ್ತದೆ. ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನ್ ಬದಲಿಸಬೇಕು. ಮೂರು ಮಿಲಿಮೀಟರ್ ಆಚೆ ಹೋಗಿದ್ದರೆ ಹಿಂದಿನ ಫ್ರೀವೀಲ್ (ಹಲ್ಲುಚಕ್ರಗಳ ಗೊಂಚಲು) ಕೂಡ ಹೋಗಿದೆ ಅಂತಲೇ ಲೆಕ್ಕ ಹಾಕಿ.

27 ಇಂಚಿನ ಗಾಲಿ ಇದ್ದರೆ ಇರಲಿ. ಅದರ ಟೈರ್ ಕೂರುವ ವ್ಯಾಸ 630 ಮಿಲಿಮೀಟರ್, ಈಗಿನ ರೋಡ್ ಸೈಕಲ್‌ಗಳ 700ಸಿ ಅಳತೆಯ ಗಾಲಿಯದು 622. ನೋಡಲು ಒಂದೇ ಥರ ಇದ್ದರೂ ಒಂದರ ಟೈರ್ ಇನ್ನೊಂದಕ್ಕೆ ಆಗುವುದಿಲ್ಲ. 27ರ ಟೈರ್ ಇವತ್ತಿಗೂ ತಯಾರಾಗುತ್ತದೆ, ಆದರೆ ಆಯ್ಕೆ ಕಡಿಮೆ. ಮುಂದೆ 700ಸಿ ಹಾಕಬೇಕು ಅನಿಸಿದರೆ ಬ್ರೇಕ್ ರಬ್ಬರ್ 4 ಮಿಲಿಮೀಟರ್ ಕೆಳಗೆ ಇಳಿಯಬೇಕು. ಬ್ರೇಕ್ ತೋಳಿನ ಸೀಳಿನಲ್ಲಿ ಅಷ್ಟು ಜಾಗ ಇದೆಯಾ ಅಂತ ಈಗಲೇ ನೋಡಿಡಿ. ನನಗೆ ಚಿಂತೆ ಇರುವುದು ರಿಮ್ ಯಾವ ಲೋಹದ್ದು ಎಂಬುದರಲ್ಲಿ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ರಿಮ್‌ಗೆ ಅಂಟಿಕೊಂಡರೆ ಸ್ಟೀಲ್. ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲ ಅನ್ನುವಷ್ಟು ಜಾರುತ್ತದೆ. ದಿನಾ ವಾಹನಗಳ ನಡುವೆ ಹೋಗುವವರು ಅಂಥ ಗಾಲಿ ಇಟ್ಟುಕೊಳ್ಳಬಾರದು. ಸ್ಟೀಲ್ ಆಗಿದ್ದರೆ ಎರಡು ಅಲ್ಯೂಮಿನಿಯಂ ಗಾಲಿಯ ಖರ್ಚನ್ನು ಬೆಲೆಗೆ ಸೇರಿಸಿಯೇ ಯೋಚಿಸಿ. ಹೊಸ ಗಾಲಿ ಕೊಳ್ಳುವ ಮುಂಚೆ ಫ್ರೇಮಿನಲ್ಲಿ ಹಿಂದಿನ ಗಾಲಿ ಕೂರುವ ಸಂದು ಅಳೆಯಿರಿ. ಐದು ಗೇರಿನ ಕಾಲದ್ದು 120 ಮಿಲಿಮೀಟರ್, ಆರು ಏಳು ಗೇರಿನದು 126, ಆಮೇಲಿನ ರಿಮ್ ಬ್ರೇಕಿನ ರೋಡ್ ಗಾಲಿಗಳು 130. ಸ್ಟೀಲ್ ಫ್ರೇಮನ್ನು ತಿಳಿದವರ ಕೈಯಲ್ಲಿ ಅಷ್ಟು ಅಗಲ ಮಾಡಿಸಬಹುದು.

ಒಂದು ಎಚ್ಚರಿಕೆ. ಎಪ್ಪತ್ತರ ದಶಕದ ಫ್ರೆಂಚ್ ಸೈಕಲ್ ಆಗಿದ್ದರೆ ಪೆಡಲ್ ಆಕ್ಸಲ್‌ನ ಬೇರಿಂಗ್ ಕಪ್‌ನ ಥ್ರೆಡ್ಡೇ ಬೇರೆ, ಸ್ಟೆಮ್ ಕೂಡ 22.2ರ ಬದಲು 22 ಮಿಲಿಮೀಟರ್. ಚಂದದ ಸೈಕಲ್‌ಗಳೇ, ಆದರೆ ಬಿಡಿಭಾಗ ಹುಡುಕಿ ಸುಸ್ತಾಗುತ್ತೀರಿ. ಮೊದಲ ಸೈಕಲ್‌ಗೆ ಅದು ಬೇಡ.

ಲೆಕ್ಕ ಹೀಗೆ ಹಾಕಿ. ಎರಡು ಟೈರ್, ಎರಡು ಟ್ಯೂಬ್, ರಿಮ್ ಟೇಪ್, ನಾಲ್ಕು ಬ್ರೇಕ್ ರಬ್ಬರ್, ಎಲ್ಲಾ ಕೇಬಲ್‌ಗಳು, ಹ್ಯಾಂಡಲ್ ಟೇಪ್, ಚೈನ್, ಬೇರಿಂಗ್ ಬಾಲ್‌ಗಳು, ಗ್ರೀಸ್. ಇಷ್ಟು ಕಾಲ ಸುಮ್ನೆ ನಿಂತಿದ್ದ ಸೈಕಲ್‌ಗೆ ಇವು ಬೇಕೇ ಬೇಕು, ಮಾರುವವರು "ಎಲ್ಲಾ ಸರಿ ಇದೆ" ಅಂದರೂ. ಹ್ಯಾಂಡಲ್, ಸ್ಟೆಮ್ ಹಳೇ ಅಲ್ಯೂಮಿನಿಯಂ ಆಗಿದ್ದು ಸೈಕಲ್ ಎಷ್ಟು ಓಡಿದೆ ಅಂತ ಗೊತ್ತಿಲ್ಲದಿದ್ದರೆ ಅವನ್ನೂ ಸೇರಿಸಿ. ಸುಳಿವು ಕೊಡದೆ ಮುರಿಯುವ ಭಾಗಗಳು ಅವೇ. ಈ ಮೊತ್ತವನ್ನು ಕೇಳುತ್ತಿರುವ ಬೆಲೆಗೆ ಕೂಡಿ. ಅದನ್ನು ಹತ್ತು ಹದಿನೈದು ವರ್ಷ ಹಳೆಯ, ಚೆನ್ನಾಗಿಟ್ಟುಕೊಂಡ, ಇವತ್ತೇ ಹತ್ತಿ ಹೋಗಬಹುದಾದ ಇನ್ನೊಂದು ಸೈಕಲ್‌ನ ಬೆಲೆ ಜೊತೆ ಹೋಲಿಸಿ. ಹಳೆಯದೇ ಜಾಸ್ತಿಯಾದರೆ ಬಿಟ್ಟುಬಿಡಿ. ರಿಪೇರಿ ಕಲಿಯುವ ಆಸೆ ನಿಮಗಿದ್ದರೆ ಮಾತ್ರ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಈ ಕಾಲದ ಸೈಕಲ್‌ನಷ್ಟು ಬಿಚ್ಚಿ ಜೋಡಿಸಲು ಸುಲಭವಾದದ್ದು ಇನ್ನೊಂದಿಲ್ಲ. ಕೂಲಿ ಕೊಟ್ಟು ಎಲ್ಲವನ್ನೂ ಮಾಡಿಸುವುದಾದರೆ ಕಡಿಮೆ ಬೆಲೆಯ ಲಾಭ ಅಲ್ಲಿಗೇ ಮುಗಿಯುತ್ತದೆ.

ನೀವು ಬರೆದದ್ದರಲ್ಲಿ ಟೈರ್, ಗೇರ್, ಗಾಲಿ ಎಲ್ಲಾ ಇದೆ. ಸೀಟ್ ಪೋಸ್ಟ್ ಬಗ್ಗೆ ಒಂದು ಮಾತೂ ಇಲ್ಲ. ದುಡ್ಡು ಕೊಡುವ ಮುಂಚೆ ಮಾರುವವರ ಅನುಮತಿ ಕೇಳಿ, ಅವರ ಎದುರಿಗೇ ಬೋಲ್ಟ್ ಸಡಿಲಿಸಿ ಸೀಟ್ ತಿರುಗಿಸಿ ನೋಡಿ. ತಿರುಗಿದರೆ ಪೋಸ್ಟ್ ಪೂರ್ತಿ ಹೊರಗೆಳೆದು ಅದರ ಮೇಲಿನ ಸಂಖ್ಯೆ, ಸೀಟ್ ಟ್ಯೂಬಿನ ಅಳತೆ, ನಿಮ್ಮ ಎತ್ತರ ಇಷ್ಟನ್ನು ಇಲ್ಲಿ ಬರೆಯಿರಿ. ಅಳತೆ ನಿಮಗೆ ಹೊಂದುತ್ತದಾ ಅಂತ ನೋಡಿ ಹೇಳುತ್ತೇನೆ.