ಹೆಸರು ಕಡಿಮೆ ಮಾಡಿ, ರಕ್ತದ ಹರಿವು ತೋರಿಸಿ

ನಮಸ್ಕಾರ.

ಬೀದರ್‌ನಿಂದ ನೀವು ಕಳಿಸಿದ 'ಲಿವರಿನ ಭವಿಷ್ಯ ಹೇಳುವ ಸ್ಕ್ಯಾನಿಂಗ್' ಲೇಖನ ಓದಿದೆ. ಕಾಂಡಕೋಶ (ಸ್ಟೆಮ್ ಸೆಲ್) ಕಸಿಯ ನಂತರ ಲಿವರಿಗೆ ಬರುವ ಒಂದು ಕಾಯಿಲೆಯನ್ನು ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನಲ್ಲಿ ಗುರುತಿಸುವ ಬಗ್ಗೆ ಬರೆದಿದ್ದೀರಿ. ಈಗಿರುವ ಹಾಗೆ ನಮ್ಮ ಆರೋಗ್ಯ ಪುಟಕ್ಕೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ರೇಡಿಯಾಲಜಿ ಓದುತ್ತಿರುವ ನೀವೇ ಇದನ್ನು ಬರೆಯಬೇಕು.

ಮೊದಲು ತಲೆಬರಹ. ಮಗನ ಕಾಂಡಕೋಶ ಕಸಿಗಾಗಿ ಔರಾದಿನಿಂದ ಹೈದರಾಬಾದಿಗೆ ಓಡಾಡುವ ತಾಯಿ ಇದನ್ನು ಓದಿದರೆ ಪೂರ್ತಿ ನಂಬುತ್ತಾಳೆ. ರಿಪೋರ್ಟ್ ಚೆನ್ನಾಗಿದ್ದರೆ ಇನ್ನು ಭಯವಿಲ್ಲ ಅಂದುಕೊಳ್ಳುತ್ತಾಳೆ. ಶುರುವಿನಲ್ಲಿ ಸ್ಕ್ಯಾನಿಂಗ್ ಸರಿಯಾಗೇ ಕಂಡರೂ ತೊಂದರೆ ಇರಬಹುದು, ಅಲ್ವಾ? ಅದನ್ನು ನೀವು ಎಲ್ಲೂ ಹೇಳಿಲ್ಲ.

ಮೊದಲ ಎರಡು ಪುಟ ಬರೀ ಈ ಕಾಯಿಲೆಯ ಹೆಸರುಗಳು: ವಿಓಡಿ, ಸೈನುಸಾಯ್ಡಲ್ ಅಬ್‌ಸ್ಟ್ರಕ್ಷನ್ ಸಿಂಡ್ರೋಮ್. ಬದಲಿಗೆ ಮೈಯೊಳಗೆ ನಡೆಯುವುದನ್ನು ಸುಮ್ನೆ ಹೇಳಿ. ಕಸಿಗೆ ಮುಂಚಿನ ಜೋರಾದ ಕೀಮೋದಿಂದ ಲಿವರಿನ ಅತಿ ಸಣ್ಣ ರಕ್ತನಾಳಗಳ ಒಳಪದರ ಕೆಟ್ಟು, ದಾರಿ ಕಟ್ಟಿಕೊಳ್ಳುತ್ತದೆ. ಲಿವರ್ ಊದಿ ನೋಯುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ತೂಕ ಏರುತ್ತದೆ, ಕಣ್ಣು ಹಳದಿಯಾಗುತ್ತದೆ.

ಲೇಖನದ ಜೀವ ಇರುವುದು ಕೊನೆಯ ಪುಟದ ಒಂದೇ ಸಾಲಿನಲ್ಲಿ: 'ಪೋರ್ಟಲ್ ಫ್ಲೋ ರಿವರ್ಸಲ್ ಕಾಣಬಹುದು.' ಅಲ್ಲೇ ನಿಂತು ಬರೆಯಿರಿ. ಕರುಳಿನಿಂದ ಲಿವರಿಗೆ ಹೋಗುವ ರಕ್ತ ಡಾಪ್ಲರಿನ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಅಲ್ಟ್ರಾಸೌಂಡ್) ಪರದೆಯಲ್ಲಿ ಸಾಮಾನ್ಯವಾಗಿ ಕೆಂಪು. ಮುಂದೆ ದಾರಿ ಕಟ್ಟಿದಂತೆ ಅದರ ವೇಗ ಇಳಿಯುತ್ತದೆ. ಕೊನೆಗೆ ಹರಿವು ಹಿಂದಕ್ಕೆ ತಿರುಗಿ ನೀಲಿ ಕಾಣುತ್ತದೆ. ಅಷ್ಟು ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಅದಕ್ಕೇ ಜಪಾನಿನ ಹೊಕ್ಕೈಡೋದ ವೈದ್ಯರು ಅದೊಂದನ್ನೇ ಕಾಯದೆ, ಲಿವರಿನ ಗಾತ್ರ, ಪಿತ್ತಕೋಶದ ಗೋಡೆಯ ದಪ್ಪ, ಹೊಟ್ಟೆಯ ನೀರು ಎಲ್ಲ ಸೇರಿಸಿ ಹತ್ತು ಅಂಶಗಳಿಗೆ ಅಂಕ ಕೊಟ್ಟರು. 13ರಲ್ಲಿ 5 ಅಥವಾ ಹೆಚ್ಚು ಬಂದರೆ ಅನುಮಾನ ಗಟ್ಟಿ. ನೀವು ಆ ಅಂಕಪಟ್ಟಿಯ ಹೆಸರನ್ನಷ್ಟೇ, ಬರೀ 'ಹೋಕಸ್-10' ಎಂದು ಬರೆದು ಮುಂದೆ ಹೋಗಿದ್ದೀರಿ!

ಇನ್ನೊಂದು. ಕಸಿಯಾದ 21 ದಿನದೊಳಗೆ ಕಾಯಿಲೆ ಬರದಿದ್ದರೆ ಗಂಡಾಂತರ ಕಳೆಯಿತು ಎಂದಿದ್ದೀರಿ. ಇದು ತಪ್ಪು. ದೊಡ್ಡವರಲ್ಲಿ ಆಮೇಲೂ ಬರಬಹುದು ಎಂದು ಯುರೋಪಿನ ತಜ್ಞರ 2016ರ ಮಾನದಂಡದಲ್ಲೇ ಇದೆ. ಅಷ್ಟರಲ್ಲಿ ರೋಗಿ ಊರಿಗೆ ಮರಳಿರಬಹುದು. ದಿನಾ ತೂಕ ನೋಡಿಕೊಳ್ಳಿ, ಏರಿದರೆ ಕಸಿ ಮಾಡಿದ ದವಾಖಾನೆಗೆ ಆವತ್ತೇ ಫೋನ್ ಮಾಡಿ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಈ ಕಾಯಿಲೆಗೆ ಕೊಡುವ ಡಿಫೈಬ್ರೊಟೈಡ್ ಔಷಧವನ್ನು ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಎಂಬುದನ್ನೂ ಅಲ್ಲೇ ಸೇರಿಸಿ.

ಎರಡು ಪುಟ ಸಾಕು. ಕಲಬುರಗಿಗೆ ಬಂದಾಗ ಕಚೇರಿಗೆ ಬನ್ನಿ, ಕೂತು ತಿದ್ದೋಣ.

ಸಂಪಾದಕ