ಓದುಗರ ಪ್ರಶ್ನೆ: ತಲೆಬುರುಡೆ ಅಂಗಿಯ ಕಿರುಚಿತ್ರ

ಪ್ರಶ್ನೆ: ಮಾರ್ವೆಲ್ ಕಾಮಿಕ್ಸ್‌ನ ಪನಿಷರ್ ಪಾತ್ರವಿಟ್ಟುಕೊಂಡು ಹತ್ತು ನಿಮಿಷದ ಫ್ಯಾನ್ ಫಿಲ್ಮ್ (ಅಭಿಮಾನಿಗಳೇ ಮಾಡುವ ಚಿತ್ರ) ಬರೆದಿದ್ದೇವೆ. ಮೊದಲ ದೃಶ್ಯದಿಂದಲೇ ಹೊಡೆದಾಟವಿದೆ. ಆದರೂ ಓದಿದವರೆಲ್ಲ ಸಪ್ಪೆ ಅನ್ನುತ್ತಾರೆ. ತಪ್ಪೆಲ್ಲಿ?

ಉತ್ತರ: ಆ ಮೊದಲ ದೃಶ್ಯದಲ್ಲೇ. 2012ರ ಪನಿಷರ್ ಕಿರುಚಿತ್ರ ‘ಡರ್ಟಿ ಲಾಂಡ್ರಿ’ಯನ್ನು ಗಡಿಯಾರ ಮುಂದಿಟ್ಟುಕೊಂಡು ನೋಡಿ. ಫಿಲ್ ಜೊವಾನೊ ನಿರ್ದೇಶನ. 2004ರ ಸಿನಿಮಾದಲ್ಲಿ ಪನಿಷರ್ ಆಗಿದ್ದ ಥಾಮಸ್ ಜೇನ್‌ಗೆ ಇಲ್ಲೂ ಅದೇ ಪಾತ್ರ. ಅದೂ ಸುಮಾರು ಹತ್ತೇ ನಿಮಿಷದ್ದು. ಬಟ್ಟೆ ಒಗೆಯಲು ಬಂದವನು ಬೀದಿಯ ಪುಂಡಾಟ ಕಂಡೂ ಬಹಳ ಹೊತ್ತು ಸುಮ್ಮನಿರುತ್ತಾನೆ. ಅವನು ಸುಮ್ಮನಿದ್ದಷ್ಟೂ ನೋಡುವವರ ಕೈ ತುರಿಸುತ್ತದೆ. ಪನಿಷರ್‌ನ ಗುರುತಾದ ತಲೆಬುರುಡೆಯ ಅಂಗಿ ಕಾಣಿಸುವುದಂತೂ ಕೊನೆಗೇ. 1974ರಲ್ಲಿ ಸ್ಪೈಡರ್‌ಮ್ಯಾನ್ ಕಾಮಿಕ್‌ನ 129ನೇ ಸಂಚಿಕೆಗೆ ಪನಿಷರ್ ಮೊದಲು ಬಂದದ್ದೇ ನಾಯಕನ ಎದುರಾಳಿಯಾಗಿ. ಹೊಡೆದ ಕೂಡಲೇ ಚಪ್ಪಾಳೆ ಗಿಟ್ಟಿಸುವ ಜಾತಿಯವನಲ್ಲ. ಸ್ಕ್ರಿಪ್ಟಿನ ಒಂದು ಪುಟಕ್ಕೆ ಒಂದು ನಿಮಿಷ ಅಂತ ಹಿಡಿದು, ಹೊಡೆದಾಟವನ್ನು ಆರನೇ ಪುಟದಾಚೆಗೆ ತಳ್ಳಿ, ಒಂದೂವರೆ ನಿಮಿಷಕ್ಕೆ ಇಳಿಸಿ.

ಪ್ರಶ್ನೆ: ತಲೆಗೆ ಬಾಟಲಿ ಒಡೆಯುವ ಶಾಟ್ ಇದೆ. ಗಾಜಿನಂತೆ ಕಾಣುವ ಸಕ್ಕರೆಯ ಬಾಟಲಿ ಮನೆಯಲ್ಲೇ ಮಾಡಬಹುದೇ?

ಉತ್ತರ: ಮಾಡಬಹುದು, ಒಂದೇ ಯತ್ನಕ್ಕೆ ಬರುವುದಿಲ್ಲ. ಮೂರೂವರೆ ಕಪ್ ಸಕ್ಕರೆ, ಎರಡು ಕಪ್ ನೀರು, ಒಂದು ಕಪ್ ಕಾರ್ನ್ ಸಿರಪ್ (ಮೆಕ್ಕೆಜೋಳದ ಸಿಹಿ ಪಾಕ). ಥರ್ಮಾಮೀಟರ್ ಇಟ್ಟು 150 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕಾಯಿಸಿ. ಅದಕ್ಕಿಂತ ಬಹಳ ಮೊದಲೇ ಇಳಿಸಿದರೆ ಬಾಟಲಿ ಒಡೆಯುವ ಬದಲು ಬಾಗುತ್ತದೆ. ದಾಟಿಸಿದರೆ ಬಣ್ಣ ತಿರುಗುತ್ತದೆ, ವಿಸ್ಕಿ ಬಾಟಲಿಯಾದರೆ ಅದೇನೂ ನಷ್ಟವಲ್ಲ. ಶಾಖ ತಾಳುವ ಸಿಲಿಕೋನ್ ಅಚ್ಚಿನಲ್ಲಿ ಸುರಿದು, ಎಲ್ಲ ಕಡೆ ಹರಡುವಂತೆ ತಿರುಗಿಸುತ್ತಾ ಇರಿ. ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ, ಕೈಗವಸು ಬೇಕೇ ಬೇಕು. ಸಕ್ಕರೆ ಗಾಳಿಯ ತೇವ ಹೀರಿ ಬೇಗ ಅಂಟಂಟಾಗುವುದರಿಂದ ಶೂಟಿಂಗ್ ದಿನವೇ ಮಾಡಿ, ನಾಲ್ಕೈದು ಹೆಚ್ಚಿಗೆ ಇರಲಿ. ಕತ್ತನ್ನು ಬಿಗಿಯಾಗಿ ಹಿಡಿದರೆ ಏಟಿಗೆ ಮೊದಲೇ ಕೈಯಲ್ಲಿ ಮುರಿಯುತ್ತದೆ.

ಇದರ ಚೂರೂ ಕೊಯ್ಯುತ್ತದೆ. ಮುಖಕ್ಕೆ ಬೇಡ, ಕಣ್ಣಿನ ಹತ್ತಿರವಂತೂ ಬೇಡವೇ ಬೇಡ. ಒಡೆಯದ ಏಟುಗಳಿಗೆಲ್ಲ ಮೆತ್ತನೆಯ ರಬ್ಬರ್ ಬಾಟಲಿ ಬಳಸಿ. ನಿಜವಾದ ಗಾಜಿನ ಬಾಟಲಿ ಸೆಟ್ಟಿನಲ್ಲೇ ಇರಕೂಡದು. ಗಡಿಬಿಡಿಯಲ್ಲಿ ಕೈ ಅದಕ್ಕೇ ಹೋಗುತ್ತದೆ.

ಪ್ರಶ್ನೆ: ಗುದ್ದು ತಾಗಿದ ಹಾಗೆ ಕಾಣುತ್ತಿಲ್ಲ. ಮಾತೂ ಸರಿಯಾಗಿ ಕೇಳುತ್ತಿಲ್ಲ.

ಉತ್ತರ: ನೀವು ಇಬ್ಬರನ್ನೂ ಪಕ್ಕದಿಂದ ತೆಗೆದಿರಬೇಕು, ಅಲ್ಲಿ ನಡುವಿನ ಸಂದು ಕಂಡೇ ಕಾಣುತ್ತದೆ. ಕ್ಯಾಮೆರಾವನ್ನು ಏಟು ತಿನ್ನುವವನ ಹೆಗಲ ಹಿಂದಿಡಿ. ಮುಷ್ಟಿ ಅವನ ಮುಖದ ಮುಂದೆ ಒಂದು ಗೇಣು ದೂರದಲ್ಲಿ ಅಡ್ಡ ಹಾದರೆ ಸಾಕು. ಲೆನ್ಸ್ ನಡುವಿನ ಅಂತರವನ್ನು ಕಿರಿದಾಗಿ ತೋರಿಸುವ 85 ಮಿ.ಮೀ. ಆಸುಪಾಸಿನದಿರಲಿ. ತಲೆ ತಿರುಗಿಸುವುದು ಅರೆಕ್ಷಣ ತಡವಾದರೂ ಶಾಟ್ ಸತ್ತಂತೆ. ಇನ್ನು ಮಾತಿನ ವಿಷಯ: ಸದ್ದು ಮಾಡುವ ಯಂತ್ರಗಳನ್ನೆಲ್ಲ ಆರಿಸಿ ಸಂಭಾಷಣೆ ತೆಗೆಯಿರಿ. ಆಮೇಲೆ ಯಂತ್ರದ ಸದ್ದನ್ನು ಎರಡು ನಿಮಿಷ ಪ್ರತ್ಯೇಕ ರೆಕಾರ್ಡ್ ಮಾಡಿ ಮಾತಿನ ಹಿಂದೆ ಮೆಲ್ಲಗೆ ಸೇರಿಸಿ.

ಪ್ರಶ್ನೆ: ದುಡ್ಡು ಮಾಡುವುದಿಲ್ಲವಲ್ಲ, ಕಾಪಿರೈಟ್ ತೊಂದರೆ ಇಲ್ಲ ತಾನೇ?

ಉತ್ತರ: ಇದೆ. ಲಾಭವಿಲ್ಲ ಎಂಬುದು ಅನುಮತಿಯಲ್ಲ. ಹಕ್ಕುದಾರರು ಯಾವಾಗ ಬೇಕಾದರೂ ವಿಡಿಯೊ ತೆಗೆಸಬಹುದು. 2016ರಲ್ಲಿ ವೈಜ್ಞಾನಿಕ ಕಥಾಸರಣಿ ‘ಸ್ಟಾರ್ ಟ್ರೆಕ್’ನ ಹಕ್ಕುದಾರರು ಫ್ಯಾನ್ ಫಿಲ್ಮ್‌ಗಳಿಗೆ 15 ನಿಮಿಷದ ಮಿತಿ ಹಾಕಿ ನಿಯಮ ಪ್ರಕಟಿಸಿದ್ದರು, ಆದರೆ ಅದು ಆ ಪಾತ್ರಗಳಿಗಷ್ಟೇ. ಬೇರೆಯವರ ಹಾಡನ್ನಂತೂ ಹಾಕಬೇಡಿ. ಚಿತ್ರಕ್ಕಿಂತ ಮೊದಲು ಸಿಕ್ಕಿಬೀಳುವುದು ಅದೇ.